ಕಾಲು ತಾಕಿದ ಏಡಿ

ನ್ಯೂಜೆರ್ಸಿಯ ಕಡಲದಂಡೆಯಲ್ಲಿ ನಡೆಯುತ್ತಿದ್ದಾಗ ನಮ್ಮ ಅತ್ತಿಗೆಯ ಕಾಲು ಬಾಣಲೆಯಂಥದ್ದೊಂದಕ್ಕೆ ತಾಕಿತು. ನೋಡಿದರೆ ಅಂಗಾತ ಬಿದ್ದ ಜೀವ, ಕಾಲುಗಳನ್ನು ಆಡಿಸುತ್ತಿತ್ತು.

“ಥೂ, ಎಂಥ ಹುಳಾನೇ ಇದು!” ಅತ್ತಿಗೆ ಹಿಂದಕ್ಕೆ ಹಾರಿದರು. ನಾನೂ ಹಾರಿದೆ.

ಇಲ್ಲಿಯ ಔಷಧಿ ಲ್ಯಾಬೊಂದರಲ್ಲಿ ಕೆಲಸ ಮಾಡುವ ಅವರ ಮಗಳು ನಿಧಿ ನಕ್ಕಳು. “ಹಾರ್ಸ್‌ಶೂ ಕ್ರ್ಯಾಬ್ ಅಮ್ಮಾ, ಒಂಥರಾ ಏಡಿ. ಇಂಜೆಕ್ಷನ್ ಸೇಫಾ ಅಂತ ಇದರ ಬ್ಲಡ್‌ನಲ್ಲೇ ಟೆಸ್ಟ್ ಮಾಡೋದು. ನಿನ್ನ ಇನ್ಸುಲಿನ್ ಕೂಡ. ಬ್ಲಡ್ ತೆಗೆದು ವಾಪಸ್ ಸಮುದ್ರಕ್ಕೆ ಬಿಡ್ತಾರೆ.”

“ಎಲ್ಲಾ ಬದುಕತ್ವಾ?”

“ಎಲ್ಲಾ ಇಲ್ಲ.”

ಅತ್ತಿಗೆ ಮರಳಿನ ಮೇಲೆ ಮಂಡಿಯೂರಿದರು. ಎರಡೂ ಕೈಯಲ್ಲಿ ಚಿಪ್ಪು ಹಿಡಿದು, ಮೆಲ್ಲಗೆ ಮಗುಚಿ, ನೀರಿನ ಕಡೆಗೆ ತಿರುಗಿಸಿದರು. ಅದು ತೆವಳತೊಡಗಿತು. ಅತ್ತಿಗೆ ಅದರ ಬೆನ್ನು ಮುಟ್ಟಿ, ಮರಳು ಮೆತ್ತಿದ ಬೆರಳುಗಳನ್ನು ಹಾಗೆಯೇ ಕಣ್ಣಿಗೊತ್ತಿಕೊಂಡರು.

“ಕಾಲು ತಾಕಿಸಿಬಿಟ್ನಲ್ಲೇ,” ಎಂದರು.