ಸುಹಾಸನ ಮೊಣಕೈ ವಿಷಯ ಹೇಳಿದವಳು

ಸುಹಾಸನ ಮೊಣಕೈ ನೋವಿನ ವಿಷಯವನ್ನು ಅವನ ತಂಡದವರಿಗೆ ಹೇಳಿದವಳು ನಾನು. ಅವನ ಗೆಳೆಯ ಟಾಡ್ ಅಲ್ಲ — ನಾನು.

ತೊಂಬತ್ತರ ದಶಕದ ಕೊನೆಯಲ್ಲಿ, ಡೆಟ್ರಾಯಿಟ್ ಹತ್ತಿರದ ವಿಕ್ಸಮ್‌ನಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇತ್ತು. ಸುಹಾಸ ನಮ್ಮ ಮೈಸೂರಿನ ಸ್ನೇಹಿತರ ಮಗ. ಅಮೆರಿಕದಲ್ಲೇ ಹುಟ್ಟಿದವನು, ಬೇಸ್‌ಬಾಲ್‌ನಲ್ಲಿ ಎಡಗೈ ರಿಲೀಫ್ ಪಿಚರ್, ಅಂದರೆ ಪಂದ್ಯದ ನಡುವೆ ಬಂದು ಚೆಂಡೆಸೆಯುವವನು. ಪಂದ್ಯ ಬಿಗಿಯಾಗಿ, ಎದುರಿಗೆ ಎಡಗೈ ಬ್ಯಾಟರ್ ಬಂದಾಗ ಇವನನ್ನು ಕರೆಯುತ್ತಾರೆ. ನಾಲ್ಕೈದು ಎಸೆತ, ಅಷ್ಟೇ ಕೆಲಸ. ಅಷ್ಟಕ್ಕಾಗಿ ಆರು ವರ್ಷ ಕೆಳಹಂತದ ತಂಡಗಳ ಜೊತೆ ಬಸ್ಸಿನಲ್ಲಿ ಅಲೆದಿದ್ದ. ಮೇಲಿನ ತಂಡದಿಂದ ಕರೆ ಬರುವ ಸುಳಿವು ಸಿಕ್ಕ ವಾರವೇ ಮೊಣಕೈ ನೋವೆಂದು ನನ್ನಲ್ಲಿಗೆ ಬಂದ.

“ಆಂಟಿ, ಪ್ಲೀಸ್, ಯಾರಿಗೂ ಹೇಳ್ಬೇಡಿ. ಟಾಡ್‌ಗೆ ಮಾತ್ರ ಗೊತ್ತು.”

ಟಾಡ್ ಅವನ ಎಸೆತ ಹಿಡಿಯುವ ಕ್ಯಾಚರ್, ರೂಮ್‌ಮೇಟ್ ಕೂಡ.

“ಇಲ್ಲಪ್ಪ, ಹೇಳಲ್ಲ,” ಎಂದೆ.

ಎರಡು ದಿನದ ನಂತರ ತಂಡದ ಟ್ರೇನರ್ ಬೇರೊಬ್ಬ ಆಟಗಾರನ ವಿಷಯಕ್ಕೆ ಫೋನ್ ಮಾಡಿದ. ಮಾತು ಮುಗಿಯುವಾಗ ಸುಹಾಸ ಹೇಗಿದ್ದಾನೆಂದು ಕೇಳಿದ. ಹೇಳಿಬಿಟ್ಟೆ. ಅವನ ಕೈ ಉಳಿಯಲೆಂದೋ, ನನ್ನ ಜಾಣತನ ತೋರಿಸಲೆಂದೋ — ಎರಡನೆಯದೇ ಇರಬೇಕು.

ಬರಬೇಕಿದ್ದ ಕರೆ ಬರಲಿಲ್ಲ. ಆಪರೇಷನ್ ಆಯಿತು. ಕೈಗೆ ಪಟ್ಟಿ ಕಟ್ಟಿಕೊಂಡು ಬಂದವನು, “ಟಾಡ್ ಹೇಳ್ಬಿಟ್ಟ, ಆಂಟಿ,” ಎಂದ. ನಾನು ಟವೆಲ್ ಮಡಿಸುತ್ತಾ ನಿಂತಿದ್ದೆ.

ಮತ್ತೆ ಚೆಂಡು ಹಿಡಿಯಲು ಅವನಿಗೆ ಒಂದು ವರ್ಷ ಬೇಕಾಯಿತು. ದೊಡ್ಡ ಮೈದಾನಕ್ಕೆ ಬರಲು ಇನ್ನೂ ನಾಲ್ಕು. ಅಷ್ಟರಲ್ಲಿ ನಾವು ಶಿಕಾಗೋ ಬಳಿಯ ವೆಸ್ಟ್‌ಮಾಂಟ್‌ಗೆ ಬಂದಿದ್ದೆವು. ಶಿಕಾಗೋದಲ್ಲಿ ಪಂದ್ಯವೆಂದು ಅವನೇ ಟಿಕೆಟ್ ಕಳಿಸಿದ.

ಸಾವಿರಾರು ಜನ ಎದ್ದು ನಿಂತು ಕೂಗುತ್ತಿದ್ದರು. ಅವನು ಮಾತ್ರ ಶಾಂತವಾಗಿದ್ದ. ನಾನು ತಿಂಗಳುಗಟ್ಟಲೆ ಒಂದೊಂದೇ ಡಿಗ್ರಿ ಬಗ್ಗಿಸಿದ್ದ ಕೈ ಅದು — ಚಾಟಿಯಂತೆ ಬೀಸಿತು. ನಾಲ್ಕು ಎಸೆತ. ಬ್ಯಾಟರ್ ಗಾಳಿಗೆ ಬ್ಯಾಟು ಬೀಸಿ ಔಟಾದ. ಮನುಷ್ಯನ ಕೈಗೆ ಇದು ಸಾಧ್ಯವೇ?

ಆಟ ಮುಗಿದ ಮೇಲೆ ಹೊರಗೆ ಬಂದು ನನ್ನನ್ನು ತಬ್ಬಿಕೊಂಡ. “ಈ ಕೈ ನಿಮ್ದೇ, ಆಂಟಿ.”

ಇನ್ನು ತಡೆಯಲಾಗಲಿಲ್ಲ. “ಟಾಡ್ ಅಲ್ಲ ಕಣೋ. ನಾನೇ ಹೇಳಿದ್ದು.”

ಅವನು ಕೈ ತೆಗೆದ. “ನಾನು ಟಾಡ್ ಮದುವೆಗೆ ಹೋಗ್ಲಿಲ್ಲ, ಆಂಟಿ,” ಎಂದ.

ಅವನು ನನ್ನನ್ನು ಬೈಯಲಿಲ್ಲ. ಆಮೇಲೆ ಫೋನನ್ನೂ ಮಾಡಿಲ್ಲ. ಟಾಡ್‌ನ ವಿಳಾಸ ಹುಡುಕಿಕೊಂಡಿದ್ದೇನೆ. ಶನಿವಾರ ಅವನ ಮನೆಗೆ ಹೋಗುತ್ತೇನೆ.