ಬೂದಿ ಹೊಕ್ಕ ಹಗೇವು

ಆಗೆಲ್ಲ ವರ್ಷದ ಜೋಳ ನೆಲದೊಳಗೆ ಇರುತ್ತಿತ್ತು. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಗಡಿಗೆಯ ಹಾಗೆ ಅಗಲ, ಅದೇ ಹಗೇವು. ಸುಗ್ಗಿ ಮುಗಿದರೆ ದೇವದುರ್ಗದ ಕಡೆಯ ನಮ್ಮೂರ ಮನೆಮನೆಯಲ್ಲೂ ಹಸಿ ಮಣ್ಣು, ಒಣ ಹುಲ್ಲಿನ ವಾಸನೆ. ವಯಸ್ಸಾದವರಿಗೆ ನೆನಪಿದ್ದೀತು.

ನಾನು ಮೂರನೇ ಜಮಾತಿಗೆ ಶಾಲೆ ಬಿಟ್ಟ ವರ್ಷ ಅದು. ನಮ್ಮ ಬೆಕ್ಕು ಬಸುರಿಯಾಗಿತ್ತು. ಒಲೆಯ ಬೂದಿಯಲ್ಲಿ ಮಲಗುತ್ತಿದ್ದರಿಂದ ಅದಕ್ಕೆ ಬೂದಿ ಎಂದೇ ಹೆಸರು. ನನ್ನ ಪಾಲಿನ ಹಾಲಿನಲ್ಲಿ ರೊಟ್ಟಿ ಮುರಿದು ಹಾಕುತ್ತಿದ್ದೆ. ಹೊಟ್ಟೆಯ ಮೇಲೆ ಕೈಯಿಟ್ಟರೆ ಮರಿಗಳು ಮಿಸುಕಾಡುವುದು ತಿಳಿಯುತ್ತಿತ್ತು. ಅವ್ವನ ಹಳೆಯ ಸೀರೆ ಹಾಸಿ ಒಂದು ಬುಟ್ಟಿ ಸಜ್ಜು ಮಾಡಿದೆ. ಬೂದಿ ಅದನ್ನು ಮೂಸಿ ನೋಡಿ ಹೊರಟುಹೋಯಿತು.

"ಯವ್ವಾ, ಬುಟ್ಟಿ ಒಲ್ಲೆನ್ನಾಕತ್ತದ."

"ನಿನ್ನ ಬುಟ್ಟಿ ಯಾರಿಗಿ ಬೇಕಾಗ್ಯಾದಲೇ? ಅದು ಕತ್ತಲಿರೋ ಜಾಗ ಹುಡುಕಾಕತ್ತದ," ಎಂದು ಅವ್ವ ನಕ್ಕಳು. "ನಿನ್ನ ಹಡಿಯಾಕ ನಾನೂ ಹಂಗಾ ಮೂಲಿ ಹಿಡಿದಿದ್ದೆ."

ಅದು ಲೇವಿಯ ಕಾಲ. ಸರ್ಕಾರದವರು ಮನೆ ಹೊಕ್ಕು ಜೋಳ ಅಳೆದು ಒಯ್ಯುತ್ತಿದ್ದರು. ಅದಕ್ಕೇ ಅಪ್ಪ ಕೊಟ್ಟಿಗೆಯಲ್ಲಿ ಹೊಟ್ಟು ಒಟ್ಟುವ ಮೂಲೆಯಲ್ಲಿ ಹಗೇವು ತೋಡಿದ್ದ. ಒಂದು ಮುಂಜಾನೆ ಜೋಳ ತುಂಬಿ, ಮೇಲೆ ಹುಲ್ಲು ಹೊದಿಸಿ ಉಣ್ಣಲು ಕುಳಿತಿದ್ದೆವು. ಲೇವಿಯವರು ಚಾವಡಿಗೆ ಬಂದರೆಂಬ ಸುದ್ದಿ ಬಂತು. ಅಪ್ಪ ಎಂಜಲುಗೈಯಲ್ಲೇ ಓಡಿ, ಬಾಯಿಗೆ ಬಂಡೆ ಎಳೆದ. "ಲಗು ಮೆತ್ತಲೇ!" ಎಂದ. ಹುಲ್ಲೊಳಗೆ ಯಾರೂ ಇಣುಕಲಿಲ್ಲ. ನಾನೂ ಇಣುಕಲಿಲ್ಲ.

ಎರೆಮಣ್ಣು, ಸೆಗಣಿ ಕಲಸಿ ಬಂಡೆಯ ಸುತ್ತ ಅಂಗೈಯಿಂದ ಒತ್ತಿ ಒತ್ತಿ ಮೆತ್ತಿದೆ. ಅಪ್ಪ ಬೆರಳಾಡಿಸಿ ನೋಡಿದ.

"ಇರಿವಿ ಹೋಗೋ ಸಂದಿಲ್ಲ. ಗಟ್ಟಿ ಕೆಲಸಗಾರ ಆದಿ ಮಗನ."

ನನ್ನ ಎದೆ ಉಬ್ಬಿತು. ಮೇಲೆ ಹೊಟ್ಟು ಸುರಿದೆವು.

ಮಧ್ಯಾಹ್ನ ಹಾಲಿಟ್ಟು ಕರೆದರೆ ಬೂದಿ ಬರಲಿಲ್ಲ. ಕೊಟ್ಟಿಗೆಯಲ್ಲಿ ನಿಂತು ಕರೆದಾಗ ಹೊಟ್ಟಿನ ಬುಡದಿಂದ ಸಣ್ಣಗೆ ಕೂಗು ಬಂತು.

"ಯಪ್ಪಾ, ಬೂದಿ ಒಳಗದ! ತಗೀ!"

ಅಪ್ಪ ನನ್ನ ಬಾಯಿ ಒತ್ತಿ ಹಿಡಿದ. ಲೇವಿಯವರು ಪಕ್ಕದ ಮನೆಯಲ್ಲಿದ್ದರು.

"ಈಗ ತಗದ್ರ ಜ್ವಾಳೆಲ್ಲ ಹೋಗ್ತಾವ. ವರ್ಷಾ ಏನ್ ತಿಂತಿ?"

ಅವನ ಕೈ ಸರಿಸಿದೆ. "ನನಗ ರೊಟ್ಟಿ ಬ್ಯಾಡ. ತಗೀ."

"ನಿಂದೊಂದಾ ಅಲ್ಲಲೇ. ತಂಗೀದೂ ಅದ, ಮುದುಕಿ ಆಯಿದೂ ಅದ."

ಲೇವಿಯವರು ಮೂರು ದಿನ ಊರಲ್ಲೇ ಉಳಿದರು, ರಾತ್ರಿಯೂ ಓಣಿ ಸುತ್ತುತ್ತಿದ್ದರು. ನಾನು ಹೊಟ್ಟಿನೊಳಗೆ ಕಿವಿ ಹುಗಿದು ಮಲಗಿರುತ್ತಿದ್ದೆ. ಮೊದಲ ದಿನದ ಸಂಜೆಯಾದ ಮೇಲೆ ಏನೂ ಕೇಳಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಅಪ್ಪ ಬಂಡೆ ತೆಗೆದ. ನಾನು ಮೆತ್ತಿದ ಮಣ್ಣು ಗುದ್ದಲಿಗೂ ಬೇಗ ಬಿಡಲಿಲ್ಲ. ಹುಲ್ಲಿನಲ್ಲಿ ಬೂದಿ ಸುತ್ತಿಕೊಂಡು ಮಲಗಿತ್ತು. ಹೊಟ್ಟೆಗೆ ಆತು ಮೂರು ಮರಿ. ಮೂರನ್ನೂ ನೆಕ್ಕಿ ಶುದ್ಧ ಮಾಡಿತ್ತು. ಯಾವುದಕ್ಕೂ ಉಸಿರಿರಲಿಲ್ಲ. ಅವ್ವ ಆ ಬುಟ್ಟಿಯಲ್ಲೇ ನಾಲ್ಕನ್ನೂ ಒಯ್ದಳು.

ಮೇಲಿನ ಜೋಳವನ್ನು ತೊಳೆದು ಒಣಗಿಸಿದರು. ವರ್ಷ ಪೂರ್ತಿ ಅದೇ ಜೋಳದ ರೊಟ್ಟಿ. ನಾನೂ ತಿಂದೆ.

ಈಗ ಹಗೇವು ತೋಡುವವರಿಲ್ಲ. ನಮ್ಮದಕ್ಕೆ ಕಲ್ಲು ತುಂಬಿ ನಾನೇ ಗಚ್ಚು ಹಾಕಿದೆ. ಅಪ್ಪ, ಅವ್ವ ಹೋದರು, ಆ ವಾಸನೆಯೂ ಹೋಯಿತು. ಹೆಚ್ಚು ಓದದ ನನಗೆ ಈ ಕೈಗಳೇ ಮರ್ಯಾದೆ ತಂದವು. ರಾಯಚೂರಿನ ತನಕ ಗೋಡೆ ಕಟ್ಟಿದೆ, ನನ್ನ ಗಾರೆಯಲ್ಲಿ ಬಿರುಕು ತೋರಿಸಿದವರಿಲ್ಲ. ಹೊಗಳಿದವರು ಬಹಳ. ಆದರೆ ಅಂದು ಅಪ್ಪ ಹೊಗಳಿದಾಗ ಆದ ಹಿಗ್ಗು ಮಧ್ಯಾಹ್ನದ ತನಕ ಇತ್ತು ನೋಡಿ, ಅಷ್ಟೇ. ಮತ್ತೆ ಬರಲಿಲ್ಲ.