ಅಪ್ಪನ ಹಾಳೆಗಳನ್ನು ಅಜ್ಜಿ ಹೊಲಿಯಲಿಲ್ಲ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಶಾಲೆ ಬಿಟ್ಟವಳ ಮಾತೂ ಅಷ್ಟೇ, ದಯವಿಟ್ಟು ಕ್ಷಮಿಸಿ. ಇದು ನನ್ನ ಅಜ್ಜಿಯ ಕಥೆ. ಮೂರು ಸಲ ತಿದ್ದಿ ಬರೆದಿದ್ದೇನೆ.

ಅಜ್ಜಿ ಐವತ್ತು ವರ್ಷದಿಂದ ಪುಸ್ತಕ ಹೊಲಿಯುವವಳು. ಪ್ರೆಸ್ಸಿನಿಂದ ಬಂದ ಹಾಳೆಗಳನ್ನು ಮಡಿಸಿ, ಪುಟದ ಅಂಕಿ ನೋಡಿ ಜೋಡಿಸಿ, ಮೇಣ ಸವರಿದ ದಾರದಲ್ಲಿ ಹೊಲಿಯುತ್ತಾಳೆ. ಅಂಕಿ ಬಿಟ್ಟು ಬೇರೇನೂ ಓದುವುದಿಲ್ಲ. ಆದರೆ ಸೋಮವಾರ ಒಂದು ಸಾಲು ಕಣ್ಣಿಗೆ ಬಿತ್ತು: ‘ದೋಣಿಯವನು ಅಂದಿನಿಂದ ನದಿಯೊಂದಿಗೆ ಮಾತು ಬಿಟ್ಟ.’ ಅವಳ ಕೈ ನಿಂತಿತು. ಅದು ಅವಳ ಅಪ್ಪನ ಸಾಲು.

ಅಪ್ಪ ಅದೇ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವನು. ತಿದ್ದಿ ಮುಗಿದ ಹಾಳೆಗಳ ಹಿಂಬದಿಯಲ್ಲಿ ಕಾದಂಬರಿ ಬರೆದು ಮಗಳಿಗೆ ಓದಿ ಹೇಳುತ್ತಿದ್ದ. ಅವನು ಸತ್ತಾಗ ಅವಳಿಗೆ ಒಂಬತ್ತು. ಆಗಿನ ಯಜಮಾನ ಮನೆಗೆ ಬಂದು, “ಕಾಗದ ಪ್ರೆಸ್ಸಿಂದು, ಬರೆದಿದ್ದೂ ಪ್ರೆಸ್ಸಿಂದೇ” ಎಂದು ಕಟ್ಟನ್ನು ಹೊತ್ತೊಯ್ದ. ಅಜ್ಜಿಯ ಅಮ್ಮ ಗೋಗರೆದರೂ ತಿರುಗಿ ನೋಡಲಿಲ್ಲ. ಹೊಟ್ಟೆಪಾಡಿಗೆ ಅದೇ ಪ್ರೆಸ್ಸಿನ ಕೆಲಸ ಮಾಡಿದರೂ ಅಜ್ಜಿ ಅದನ್ನು ಅರವತ್ತೆರಡು ವರ್ಷ ಮರೆಯಲಿಲ್ಲ.

ಈಗಿರುವವನು ಆ ಯಜಮಾನನ ಮಗ. ತಲೆ ಬೋಳಾದರೂ ಎಲ್ಲರಿಗೂ ‘ಚಿಕ್ಕ ಯಜಮಾನ’. ಅಜ್ಜಿ ಹಾಳೆ ಹಿಡಿದು ಅವನನ್ನು ಕೇಳಿದಳು.

“ಅಯ್ಯೋ ಅಮ್ಮ, ನಿಮ್ಮಪ್ಪ ಸತ್ತು ಅರವತ್ತು ವರ್ಷ ದಾಟ್ತಲ್ಲ! ಹಕ್ಕೆಲ್ಲ ಮುಗೀತು, ಯಾರು ಬೇಕಾದ್ರೂ ಅಚ್ಚು ಹಾಕ್ಬೋದು. ನಿಮಗೂ ಒಂದು ಪ್ರತಿ ಕೊಡ್ತೀನಿ ಬಿಡಿ.”

“ನಾನೇ ಹೊಲಿಯೋದ್ರಲ್ಲಿ ನನಗೊಂದಾ? ದೊಡ್ಡ ಮನಸ್ಸು ಕಣಪ್ಪ ನಿಂದು,” ಎಂದವಳೇ ಅಜ್ಜಿ ನೇರ ವಕೀಲೆಯ ಹತ್ತಿರ ಹೋದಳು.

ವಕೀಲೆ ನಕ್ಕಳು. “ಬದುಕಿದ್ದಾಗ ಪ್ರಕಟ ಆಗಿದ್ರೆ ಸಾವಿಂದ ಲೆಕ್ಕ, ಅಜ್ಜಿ. ಸತ್ತ ಮೇಲೆ ಪ್ರಕಟವಾದ್ರೆ, ಆ ಮುಂದಿನ ವರ್ಷದಿಂದ ಅರವತ್ತು. ಇದಿನ್ನೂ ಹೊರಗೇ ಬಂದಿಲ್ಲ, ಎಣಿಕೆ ಶುರುವೇ ಆಗಿಲ್ಲ! ಹಕ್ಕು ನಿಮ್ಮದು. ಕಾಗದ ಯಾರದಾದ್ರೇನು?”

ವಕೀಲೆಯ ನೋಟಿಸ್ ಕೈಸೇರಿದ ದಿನವೇ ಚಿಕ್ಕ ಯಜಮಾನ ಮೂಲ ಕಟ್ಟನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಬಂದ.

“ತಗೊಳ್ಳಿ ಅಮ್ಮ. ನಿಮ್ಮಪ್ಪನ ಹೆಸರು ದಪ್ಪಕ್ಷರದಲ್ಲಿ ಹಾಕ್ತೀನಿ. ಸಾವಿರ ಪ್ರತಿ ಅಚ್ಚಾಗಿದೆ, ಹೊಲಿದುಬಿಡಿ.”

ಅಜ್ಜಿ ಕಟ್ಟನ್ನು ಬಿಚ್ಚಿ, ಒಂದೊಂದೇ ಹಾಳೆ ಎಣಿಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು.

“ಹೊಲಿಯಲ್ಲ. ಅಚ್ಚಾದದ್ದನ್ನೆಲ್ಲ ನೀನೇ ಕತ್ತರಿಸ್ಬೇಕು, ನಿನ್ನ ಕೈಯಾರೆ. ಆಳಿನ ಕೈಲಿ ಮಾಡಿಸಿದ್ರೆ ಕೋರ್ಟಿಗೆ ಬಾ.”

ಅವನ ಮುಖ ಸುಣ್ಣದಂತಾಯಿತು. ಅಜ್ಜಿಗೆ ಅಯ್ಯೋ ಎನಿಸಲಿಲ್ಲ.

ನಾಳೆ ಬೆಳಿಗ್ಗೆ ಹತ್ತಕ್ಕೆ ಅವಳು ಪ್ರೆಸ್ಸಿಗೆ ಹೋಗಿ, ಕತ್ತರಿ ಯಂತ್ರದ ಎದುರು ಕುರ್ಚಿ ಹಾಕಿಸಿಕೊಂಡು, ಕೊನೆಯ ಹಾಳೆ ಚೂರಾಗುವವರೆಗೂ ಕೂರುತ್ತಾಳೆ.